ಹಗಲು ಹೇಳಬಾರದ ಕಥೆ

"ಆ ಫೋನ್ ಆಫ್ ಮಾಡ್ರೀ ಮೊದ್ಲು!"

ಬೆನ್ನ ಹಿಂದಿನಿಂದ ಬಂದ ಆ ದನಿಗೆ ವನಜಾಳ ಕೈಯಲ್ಲಿದ್ದ ಫೋನ್ ಜಾರಿ ಬೈರಮ್ಮಜ್ಜಿಯ ಎಲೆ ಅಡಿಕೆ ತಟ್ಟೆಯೊಳಗೆ ಬಿತ್ತು.

ತಿರುಗಿ ನೋಡಿದಳು. ಕುಂದಲಹಳ್ಳಿಯ ಆ ಇಕ್ಕಟ್ಟಾದ ಗಲ್ಲಿಯಲ್ಲಿ ಹಳದಿ ಸ್ಕೂಲ್ ವ್ಯಾನೊಂದು ಇಂಜಿನ್ ಕೂಡ ಆರಿಸದೆ ನಿಂತಿತ್ತು. ಅದರಿಂದ ಇಳಿದವನು ಆಗಲೇ ಜಗುಲಿಯ ಮೆಟ್ಟಿಲ ಹತ್ತಿರ ಬಂದಿದ್ದ. ಕೈಯಲ್ಲಿ ಫ್ಲಾಸ್ಕ್, ಕಣ್ಣಲ್ಲಿ ಕೆಂಡ.

ಗೇಟು ಎಡಕ್ಕಿದೆ, ಚಿಲಕ ಹಾಕಿಲ್ಲ... ವನಜಾ ಮನಸ್ಸಿನಲ್ಲೇ ಗುರುತು ಮಾಡಿಕೊಂಡಳು. ಎಲ್ಲಿಗೆ ಹೋದರೂ ಮೊದಲು ಹೊರಗೆ ಹೋಗುವ ದಾರಿಯನ್ನು ನೋಡಿಟ್ಟುಕೊಳ್ಳುವುದು ಅವಳ ಅಭ್ಯಾಸ. ಗ್ಯಾಸ್ ಆರಿಸಿದ್ದೇನೆಯೇ ಎಂದು ಅರ್ಧ ದಾರಿಯಿಂದ ವಾಪಸ್ ಹೋಗುವವಳು ಅವಳು.

"ವಯಸ್ಸಾದೋರನ್ನ ಮಾತಾಡ್ಸಿ ರೀಲ್ಸ್ ಮಾಡೋರು ಎಷ್ಟ್ ಜನ ಬಂದೋದ್ರು ಗೊತ್ತಾ ಇಲ್ಲಿ? ಹೋದ ತಿಂಗಳು ಒಬ್ಬ ನಮ್ಮಜ್ಜಿ ಕೈಲಿ ಪಿಜ್ಜಾ ತಿನ್ಸಿ ವಿಡಿಯೋ ಹಾಕ್ದ."

"ನಾನು ರೀಲ್ಸ್ ಮಾಡೋಳಲ್ಲ. ಕಾಲೇಜಲ್ಲಿ ಪಾಠ ಮಾಡ್ತೀನಿ. ಮಕ್ಕಳ ಸಾಹಿತ್ಯದ ಬಗ್ಗೆ ಸಂಶೋಧನೆ..."

"ಮಕ್ಕಳ ಸಾಹಿತ್ಯಕ್ಕೂ ಎಂಬತ್ತು ದಾಟಿರೋ ಮುದುಕಿಗೂ ಏನ್ರೀ ಸಂಬಂಧ?"

"ಯಾರೋ ಮುದ್ಕಿ?" ಬೈರಮ್ಮಜ್ಜಿ ಫೋನನ್ನು ಸೆರಗಿನಿಂದ ಒರೆಸಿ ವನಜಾಳ ಕೈಗಿಟ್ಟಳು. "ನೀನ್ ಕೂತ್ಕೊ ಮಗ. ಇವ್ನು ನನ್ ಮೊಮ್ಮಗ, ಮುನಿಕೃಷ್ಣ. ಬೆಳಿಗ್ಗೆಯಿಂದ ಇಪ್ಪತ್ತು ಮಕ್ಕಳ ಗಲಾಟೆ ಕೇಳಿ ಬಂದವ್ನೆ, ಅದಕ್ಕೇ ಇಂಗೆ ಆಡ್ತಾನೆ."

ವನಜಾ ಉಸಿರೆಳೆದುಕೊಂಡು ಹೇಳಿದಳು. ಮಕ್ಕಳಿಗೆ ಅಚ್ಚಿನ ಪುಸ್ತಕ ಬಂದದ್ದು ಇತ್ತೀಚೆಗೆ. ಮೊದಮೊದಲು ಆ ಪುಸ್ತಕಗಳಲ್ಲೂ ಬರೀ ಬುದ್ಧಿಮಾತು, ಆಮೇಲೆ ಶಾಲೆಯ ಪಾಠ, ಎಷ್ಟೋ ಕಾಲದ ನಂತರ ಸುಮ್ಮನೆ ನಗಿಸುವ ಕಥೆ. ಅದಕ್ಕೂ ಮೊದಲು ಮಕ್ಕಳು ಕೇಳಿದ್ದೆಲ್ಲ ಇಂಥ ಜಗುಲಿಗಳಲ್ಲಿ. ಜೋಗುಳ, ಒಗಟು, ಗುಮ್ಮನ ಕಥೆ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹೋಗುವ ಸರಪಳಿ ಕಥೆ... ಪ್ರತಿಯೊಂದು ಬಗೆಯಲ್ಲೂ ದೊಡ್ಡವರು ಮಕ್ಕಳನ್ನು ಏನೆಂದುಕೊಂಡಿದ್ದರು ಎನ್ನುವುದು ಅಡಗಿದೆ. ಅದನ್ನು ಹುಡುಕುವುದೇ ತನ್ನ ಕೆಲಸ.

ಮುನಿಕೃಷ್ಣನ ಹುಬ್ಬು ಸ್ವಲ್ಪ ಸಡಿಲವಾಯಿತು.

"ಒಗಟು, ಜೋಗುಳ ಈಗ್ಲೇ ಕೇಳು," ಎಂದಳು ಅಜ್ಜಿ. "ಕಥೆ ಬೇಕಂದ್ರೆ ಸಂಜೆ ದೀಪ ಅಚ್ಚಿದ್ಮೇಲೆ ಬಾ. ಅಗಲೊತ್ತು ನಾನು ಕಥೆ ಏಳಕಿಲ್ಲ."

"ಯಾಕಜ್ಜಿ?"

"ಅಗಲೊತ್ತು ಕಥೆ ಏಳಿದ್ರೆ ದಾರೀಲಿರೋ ನಮ್ಮೋರು ದಾರಿ ತಪ್ತಾರೆ."

ವನಜಾ ನಕ್ಕಳು. ಮುನಿಕೃಷ್ಣ ನಗಲಿಲ್ಲ.

*

ಅಂದಿನಿಂದ ಸಂಜೆಗಳು ಬೇರೆಯಾದವು.

ಪಾಠ ಮುಗಿಸಿ, ಐಟಿ ಕಂಪನಿಗಳ ಬಸ್ಸುಗಳ ನಡುವೆ ದಾರಿ ಮಾಡಿಕೊಂಡು, ಅವಳು ಆ ಜಗುಲಿಗೆ ಬರುತ್ತಿದ್ದಳು. ಪಕ್ಕದ ಜಾಗದಲ್ಲಿ ಏಳು ಮಹಡಿಯ ಪಿಜಿ, ಎದುರಿಗೆ ಮೊಮೋ ಅಂಗಡಿ, ನಡುವೆ ಅಜ್ಜಿಯ ಹೆಂಚಿನ ಮನೆ. ದೀಪ ಹಚ್ಚಿ, ಅಜ್ಜಿ ಕಾಲು ನೀಡಿ ಕೂತರೆ ಕಥೆ ಶುರು.

ಆದರೆ ಮೊದಲ ಸಂಜೆಯೇ ತೊಡಕಾಯಿತು. ಅಜ್ಜಿ ಎರಡು ಮಾತು ಹೇಳಿ ನಿಲ್ಲಿಸಿಬಿಟ್ಟಳು.

"ಊಂ ಅನ್ನೋರು ಯಾರು? ಊಂ ಅನ್ದಿದ್ರೆ ಕಥೆ ಮುಂದುಕ್ ಓಗಲ್ಲ."

ವನಜಾ ಬರೆದುಕೊಳ್ಳುವುದರಲ್ಲಿ ಮುಳುಗಿದ್ದಳು. ಬಾಗಿಲಿಗೆ ಒರಗಿ ನಿಂತಿದ್ದ ಮುನಿಕೃಷ್ಣ ನಿಟ್ಟುಸಿರಿಟ್ಟು ಕೆಳಗೆ ಕೂತ.

"ಹೂಂ," ಎಂದ.

ಅವತ್ತಿನಿಂದ ಹೂಂಗುಟ್ಟುವ ಕೆಲಸ ಅವನದಾಯಿತು. ರಾಕ್ಷಸ ಬಂದರೆ ತಗ್ಗಿದ ಹೂಂ, ರಾಜಕುಮಾರಿ ಗೆದ್ದರೆ ಎತ್ತಿದ ಹೂಂ. ದೂರದಲ್ಲಿದ್ದ ತನ್ನ ಪಿಜಿ ಕೋಣೆಗೆ ಹೋಗಿ, ರೆಕಾರ್ಡಿಂಗ್ ಹಾಕಿಕೊಂಡು ಕಥೆ ಬರೆದಿಡುವಾಗ ವನಜಾ ಆ ಹೂಂಗಳ ಹತ್ತಿರ ಬಂದರೆ ನಿಲ್ಲಿಸಿ, ಮತ್ತೆ ಕೇಳುತ್ತಿದ್ದಳು.

'ಛೇ! ಇದೇನು ನಾನು ಮಾಡ್ತಿರೋದು... ಕಥೆ ಕೇಳಬೇಕಾದೋಳು ಕಥೆ ಕೇಳಿದವನನ್ನ ಕೇಳ್ತಾ ಕೂತಿದೀನಲ್ಲ!'

ಒಂದು ಸಂಜೆ ಅವಳು ಕೇಳಿದಳು, "ವ್ಯಾನಲ್ಲಿ ಮಕ್ಕಳು ಕಥೆ ಹೇಳಿ ಅಂತ ಪೀಡಿಸಲ್ವಾ?"

"ಪೀಡಿಸ್ತಾರೆ. ಸಂಜೆ ನಿಮ್ಮಮ್ಮನ ಹತ್ರ ಕೇಳ್ರೋ ಅಂತೀನಿ."

"ನೀವೂ ನಂಬ್ತೀರಾ ಅದನ್ನ?"

ಅವನು ಅವಳನ್ನು ಬಿಡಲು ಎದ್ದ. ಗೇಟಿನವರೆಗೆ ಬಂದು, "ಪಿಜಿ ತಲುಪಿದ ಮೇಲೆ ಒಂದು ಮೆಸೇಜ್ ಹಾಕಿ ಮೇಡಂ," ಎಂದ. ವನಜಾ ಪಿಜಿ ತಲುಪಿ ಮೆಸೇಜ್ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಬರೀ 'ಬಂದೆ' ಎಂದು ಕಳಿಸಿದಳು.

*

ಎಲ್ಲ ಕೆಟ್ಟದ್ದು ಒಂದು ಸೋಮವಾರ.

ಬುಧವಾರ ಅವಳು ತನ್ನ ಪ್ರಬಂಧವನ್ನು ತಜ್ಞರ ಮುಂದೆ ಮಂಡಿಸಬೇಕಿತ್ತು. ಅವರು ಒಪ್ಪಿದರಷ್ಟೇ ಸಲ್ಲಿಸಬಹುದು. ಮಾರ್ಗದರ್ಶಕಿ ಮಹಾನಂದಾ ಮೇಡಂ ಬೆಳಿಗ್ಗೆಯೇ ಫೋನ್ ಮಾಡಿದ್ದರು. "ದಾರಿಯ ಕಥೆಗಳ ಅಧ್ಯಾಯ ತೀರಾ ತೆಳು ವನಜಾ. ಆ ಅಜ್ಜಿಗೆ ಗೊತ್ತು ಅಂದಿದ್ದೆಯಲ್ಲ, ಬಸವನಹುಳದ ಕಥೆ ಎಲ್ಲಿ? ಅದಿಲ್ಲದೆ ನಿಲ್ಲಲ್ಲ."

ಸಂಜೆ ಅಜ್ಜಿ ಆನೇಕಲ್‌ಗೆ, ಮಗಳ ಮನೆಗೆ ಹೊರಡುವವಳಿದ್ದಳು.

ಮಧ್ಯಾಹ್ನವೇ ವನಜಾ ಜಗುಲಿ ಹತ್ತಿದಳು. "ಅಜ್ಜಿ, ಈಗಲೇ ಹೇಳಿಬಿಡಿ... ಒಂದೇ ಕಥೆ."

"ಅಗಲು ಕಣ್ ಮಗ."

"ಮಕ್ಕಳು ಕೆಲಸ ಬಿಟ್ಟು ಕಥೆ ಕೇಳ್ತಾ ಕೂರಬಾರದು ಅಂತ ಹಿಂದಿನವರು ಹಾಗೆ ಹೆದರಿಸಿದ್ದಷ್ಟೆ ಅಜ್ಜಿ. ಏನೂ ಆಗಲ್ಲ. ನಾನಿದೀನಲ್ಲ!"

ಅಜ್ಜಿ ಗಲ್ಲಿಯ ತುದಿ ನೋಡಿದಳು. ಈ ಹುಡುಗಿಯ ಕಣ್ಣಲ್ಲಿ ನೀರು ನೋಡಲಾರದೆ ಬಾಯಿ ತೆರೆದಳು.

"ಒಂದೂರಲ್ಲಿ ಒಂದು ಬಸವನಹುಳ ಇತ್ತಂತೆ. ಅದರಜ್ಜಿ ಕೆರೆಯಿಂದ ಒಂದು ಅನಿ ನೀರು ತಾ ಅಂತ ಕಳ್ಸುದ್ಲಂತೆ. ಬಸವನಹುಳ ದಾರಿ ಉದ್ದಕ್ಕೂ ಬೆಳ್ಳಿ ಗೆರೆ ಎಳ್ಕೊಂಡು ಓಯ್ತಂತೆ, ವಾಪಸ್ ಬರಾಕೆ ಗುರ್ತು ಬೇಕಲ್ಲ... ಕೆರೆ ಸಿಗ್ತು. ನೀರು ತಗೊಂಡು ತಿರುಗಿ ನೋಡ್ತಂತೆ. ಬಿಸ್ಲಿಗೆ ಗೆರೆ ಒಣಗೋಗೈತೆ! ದಾರಿನೇ ಇಲ್ಲ..."

ಅಷ್ಟರಲ್ಲಿ ಅಜ್ಜಿಯ ಫೋನ್ ಹೊಡೆದುಕೊಂಡಿತು.

"ಅಜ್ಜಿ, ನಾನು ಶೋಭಾರಾಣಿ, ಪಾಪುವಿನ ಅಮ್ಮ. ವ್ಯಾನ್ ಇನ್ನೂ ಬಂದಿಲ್ಲ. ಮುನಿಕೃಷ್ಣ ಅವರ ಫೋನ್ ಸ್ವಿಚ್ ಆಫ್ ಬರ್ತಿದೆ. ಎಲ್ಲಿದಾರೆ ಅವರು?"

ಅಜ್ಜಿಯ ಕೈ ತೊಡೆಯ ಮೇಲೆ ಹಾಗೇ ಬಿತ್ತು. ಅವಳು ಅಳಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು, ಆಡಿದ ಮಾತನ್ನು ಒಳಗೆ ತಳ್ಳುವವಳಂತೆ ಕೂತುಬಿಟ್ಟಳು.

ವನಜಾ ಮುಖ್ಯರಸ್ತೆಗೆ ಓಡಿದಳು. ಪ್ರತಿ ಹಳದಿ ವ್ಯಾನನ್ನೂ ಇಣುಕಿ ನೋಡಿದಳು. ಅವನ ನಂಬರಿಗೆ ಮಾಡಿದಳು, ಮಾಡಿದಳು, ಮಾಡುತ್ತಲೇ ಇದ್ದಳು. ನಂಬಿಕೆ ಅಷ್ಟೇ, ಬರೀ ನಂಬಿಕೆ ಎಂದು ತನಗೇ ಹೇಳಿಕೊಂಡಳು. ಆದರೂ ಮುಂದಿನ ವ್ಯಾನಿನ ಹಿಂದೆ ಓಡಿದಳು.

ಹೊತ್ತಿಳಿಯುವ ಮುಂಚೆ ಅವನು ನಡೆದುಕೊಂಡು ಬಂದ. ಬಟ್ಟೆಯೆಲ್ಲ ಕೆಸರು. ಪೈಪ್‌ಲೈನಿಗೆಂದು ಅಗೆದ ಗುಂಡಿಗೆ ವ್ಯಾನಿನ ಚಕ್ರ ಇಳಿದಿತ್ತು, ಫೋನಿನ ಚಾರ್ಜ್ ಮುಗಿದಿತ್ತು. ಮಕ್ಕಳನ್ನು ಒಬ್ಬೊಬ್ಬರನ್ನೇ ಕೈ ಹಿಡಿದು ಮನೆಮನೆಗೆ ಮುಟ್ಟಿಸಿ ಬಂದಿದ್ದ. ಯಾರಿಗೂ ಏನೂ ಆಗಿರಲಿಲ್ಲ.

ಆದರೆ ಅಜ್ಜಿ ಅವನ ಕೆನ್ನೆ ಮುಟ್ಟಿ ಮುಟ್ಟಿ, "ನಾನೇ ತಪ್ಸಿದ್ದು ಕಣೋ ನಿನ್ ದಾರಿಯ," ಎಂದಾಗ ಅವನಿಗೆ ಎಲ್ಲ ತಿಳಿಯಿತು.

"ಏನೂ ಆಗ್ಲಿಲ್ವಲ್ಲ..." ಎಂದಳು ವನಜಾ.

"ನಾನು ವ್ಯಾನ್ ಓಡಿಸ್ತೀನಿ ಮೇಡಂ. ಅಜ್ಜಿ ಬಾಯಿ ಕಟ್ಕೊಂಡು ಕಾಯ್ತಾಳೆ. ನಾನು ದಿನಾ ಮನೆ ಸೇರ್ತಿರೋದು ತನ್ನಿಂದ ಅಂತ ಅಂದ್ಕೊಂಡಿದಾಳೆ. ಈ ವಯಸ್ಸಲ್ಲಿ ಅವಳಿಗೆ ಉಳಿದಿರೋ ಕೆಲಸ ಅದೊಂದೇ. ಅದನ್ನೂ ಕಿತ್ಕೊಂಡ್ರಿ."

"ನಾನು ಬೇಕಂತ..."

"ನಂಬ್ತೀರಾ ಅಂತ ಕೇಳಿದ್ರಲ್ಲ ಅವತ್ತು? ನಾನು ನಂಬೋದು ಅಜ್ಜೀನ. ನೀವು ಮಾತ್ರ... ನಿಮಗೆ ನಾವೆಲ್ಲ ಬರೀ ಮಾಹಿತಿ. ಸಂಜೆಗಳೂ ಮಾಹಿತಿ. ಹೋಗಿ ಮೇಡಂ."

ಬರ್ತೀನಿ ಎನ್ನಬೇಕಿತ್ತು. ಅದನ್ನೂ ಹೇಳದೆ ಅವಳು ಮೆಟ್ಟಿಲಿಳಿದಳು.

*

ಅಜ್ಜಿಯ ಆನೇಕಲ್ ಪ್ರಯಾಣ ನಿಂತಿತು. ಮರುದಿನ ಅವನಿಲ್ಲದ ಹೊತ್ತು ನೋಡಿ ವನಜಾ ಹೋದಳು. ಅಜ್ಜಿಯ ಮುಂದೆ ಕೂತು, ಆ ಅರ್ಧ ಕಥೆಯ ರೆಕಾರ್ಡಿಂಗನ್ನು ತೋರಿಸಿ, ಅಳಿಸಿಬಿಟ್ಟಳು.

"ಅಯ್ಯೋ ಉಚ್ಚಿ! ನಿನ್ನ ಓದಿಗೆ ಬೇಕಾಗಿತ್ತಲ್ಲೇ?"

"ನನಗೂ ಹಾಗೇ ಅಜ್ಜಿ. ಅಪ್ಪ ಊರಿಂದ ಹೊರಟರೆ, ತಲುಪೋವರೆಗೂ ನಾನು ತಲೆ ಬಾಚಲ್ಲ. ಯಾಕೆ ಅಂತ ಕೇಳಿದ್ರೆ ಗೊತ್ತಿಲ್ಲ. ಅಂಥೋಳು ನಾನೇ ನಿಮ್ಮನ್ನ ನೋಡಿ ನಕ್ಕೆ."

ಅಜ್ಜಿ ಅವಳ ತಲೆ ಸವರಿದಳು. "ಮುನಿ ಅತ್ರ ಮಾತಾಡು."

"ಅವರು ಫೋನ್ ಎತ್ತಲ್ಲ ಅಜ್ಜಿ. ನಾಳೆ ಹನ್ನೊಂದು ಗಂಟೆಗೆ ಕಾಲೇಜಲ್ಲಿ ನನ್ನ ಮಂಡನೆ. ಅದು ಮುಗಿದ್ರೆ... ಆಮೇಲೆ ಈ ಕಡೆ ಬರೋಕೆ ನನಗೆ ಕಾರಣಾನೂ ಇರಲ್ಲ."

"ಅನ್ನೊಂದು ಗಂಟೆಗಾ?" ಎಂದಳು ಅಜ್ಜಿ. ಎಲೆಗೆ ಸುಣ್ಣ ಹಚ್ಚತೊಡಗಿದಳು.

*

ಪ್ರೊಜೆಕ್ಟರಿಗಾಗಿ ಸಭಾಂಗಣದ ದೀಪ ಆರಿಸಿದ್ದರು. ವನಜಾ ತಲೆಯೆತ್ತದೆ ಓದಿದಳು. ಬುದ್ಧಿ ಹೇಳುವ ಕಥೆಗಳು, ಹೆದರಿಸುವ ಕಥೆಗಳು, ನಗಿಸುವ ಕಥೆಗಳು... ಯಾವ ಕಾಲದಲ್ಲಿ ಮಗು ತಿದ್ದಬೇಕಾದ ವಸ್ತುವಾಗಿತ್ತು, ಯಾವಾಗ ಗೆಳೆಯನಾಯಿತು. ಮೊದಲ ಬಾರಿಗೆ ಆ ಸಭಾಂಗಣದ ಬಾಗಿಲು ಎಲ್ಲಿದೆ ಎಂದೂ ಅವಳು ನೋಡಿರಲಿಲ್ಲ.

ಹೊರಗಿನಿಂದ ಬಂದಿದ್ದ ತಜ್ಞರು ಶೇಖರಪ್ಪ ಕನ್ನಡಕ ಮೇಲೇರಿಸಿದರು.

"ಹಗಲು ಕಥೆ ಹೇಳಬಾರದು ಅನ್ನೋ ನಿಷೇಧ ಬರೀ ದುಡಿಮೆಯ ಶಿಸ್ತು ಅಂತ ಬರೆದಿದೀರಿ. ಒಳ್ಳೇ ವಾದ. ಹಾಗಾದ್ರೆ ಭಯ ಏನಿಲ್ಲವಲ್ಲ? ನಿಮ್ಮ ಮೇಡಂ ಹೇಳಿದ ಬಸವನಹುಳದ ಕಥೆ ಪ್ರಬಂಧದಲ್ಲಿಲ್ಲ. ಈಗ ಹೇಳಿಬಿಡಿ, ಕೇಳೋಣ."

ಯಾರೋ ನಕ್ಕರು. ವನಜಾ ಕಿಟಕಿಯತ್ತ ನೋಡಿದಳು. ಕೆಳಗೆ ರಸ್ತೆ. ಹಳದಿ ವ್ಯಾನುಗಳು ಒಂದರ ಹಿಂದೆ ಒಂದು. ಎಲ್‌ಕೆಜಿ ಮಕ್ಕಳನ್ನು ಬಿಡುವ ಹೊತ್ತು.

"ಹೇಳಲ್ಲ ಸರ್."

ಮಹಾನಂದಾ ಮೇಡಂ ಗಾಬರಿಯಾದರು. "ವನಜಾ!"

"ಆ ವಾಕ್ಯ ತಪ್ಪು ಸರ್. ತಿದ್ದಿ ಬರೀತೀನಿ. ನಾನು ಕಥೆ ಕೇಳೋ ಮಗೂನ ಮಾತ್ರ ನೋಡಿದೆ. ಹೇಳೋರನ್ನ ನೋಡ್ಲಿಲ್ಲ. ಕಥೆ ಹೇಳೋರು ಯಾರಿಗೋ ಕಾಯ್ತಾ ಇರ್ತಾರೆ. ಎಲ್ಲರೂ ಮನೆ ಸೇರಿದ ಮೇಲಷ್ಟೇ ಅವರಿಗೆ ಕಥೆ ಹೇಳೋ ಧೈರ್ಯ." ಅವಳು ಕೈಯಲ್ಲಿದ್ದ ಹಾಳೆ ಮಡಚಿದಳು. "ಇದು ವಾದ ಅಲ್ಲ, ಗೊತ್ತು. ಪ್ರಬಂಧ ವಾಪಸ್ ಕಳಿಸಿದ್ರೂ ಸರಿ. ನನಗೆ ಬೇಕಾದೋರು ಒಬ್ರು ಈಗ ದಾರೀಲಿದಾರೆ... ನಾನು ಹೇಳಲ್ಲ."

ಶೇಖರಪ್ಪ ಪೆನ್ನು ಎತ್ತಿಕೊಂಡರು.

"ದಾರೀಲಿಲ್ಲ ಮೇಡಂ."

ಕೊನೆಯ ಸಾಲಿನಿಂದ. ಆ ದನಿ!

ಯಾರೋ ದೀಪ ಹಾಕಿದರು. ಇಸ್ತ್ರಿ ಮಾಡಿದ ಶರ್ಟಿನಲ್ಲಿ ಮುನಿಕೃಷ್ಣ ಎದ್ದು ನಿಂತಿದ್ದ. ಪಕ್ಕದಲ್ಲಿ ಹೊಸ ಸೀರೆಯ ಬೈರಮ್ಮಜ್ಜಿ.

"ಇಲ್ಲೇ ಇದೀನಿ," ಎಂದ. "ನನ್ ಗೆಳೆಯ ಲೋಕೇಶಂಗೆ ವ್ಯಾನ್ ಕೊಟ್ಟು ಬಂದಿದೀನಿ."

"ಆ ಲೋಕೇಶ ಮೊದ್ಲೇ ದಾರಿ ತಪ್ಪಿರೋನು, ಅವನ್ ಚಿಂತೆ ಬ್ಯಾಡ," ಎಂದಳು ಅಜ್ಜಿ. "ಮಕ್ಕಳ ಜೊತೆ ಆಯಮ್ಮ ಅವ್ಳೆ. ಕಥೆ ಏಳು ಮಗ!"

ಇಡೀ ಸಭಾಂಗಣ ನಕ್ಕಿತು. ಶೇಖರಪ್ಪನವರು ಪೆನ್ನು ಕೆಳಗಿಟ್ಟು ಕೈಕಟ್ಟಿ ಕೂತರು.

ವನಜಾ ಕಣ್ಣೊರೆಸಿಕೊಂಡಳು. "ಒಂದೂರಲ್ಲಿ... ಒಂದು ಬಸವನಹುಳ ಇತ್ತಂತೆ."

"ಹೂಂ," ಎಂದ ಮುನಿಕೃಷ್ಣ.

ಗೆರೆ ಒಣಗಿಹೋದ ಜಾಗಕ್ಕೆ ಬಂದು ಅವಳು ನಿಂತಳು. "ಇಷ್ಟೇ ನನಗೆ ಗೊತ್ತಿರೋದು ಸರ್."

"ಮುಂದೇನಾಯಿತಮ್ಮಾ?" ಶೇಖರಪ್ಪ ಅಜ್ಜಿಯ ಕಡೆ ತಿರುಗಿದರು.

"ಮಿಕ್ಕಿದ್ದು ಸಂಜೆ ಮನೇಲಿ," ಎಂದಳು ಬೈರಮ್ಮಜ್ಜಿ. "ಅವಳಿಗೆ. ನಿಮಗಲ್ಲ."

*

ಅಧ್ಯಾಯ ತಿದ್ದಿ ಸಲ್ಲಿಸಲು ಒಪ್ಪಿಗೆ ಸಿಕ್ಕಿತು. ಗೇಟಿನ ಹತ್ತಿರ ಲೋಕೇಶ ವ್ಯಾನ್ ತಂದು ನಿಲ್ಲಿಸಿ ಹೋಗಿದ್ದ. ಅಜ್ಜಿ ಆಗಲೇ ಮುಂದಿನ ಸೀಟಿನಲ್ಲಿ ಕೂತು, ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು.

"ನೀವು ಕಥೆ ಅಳಿಸಿದ್ದು ಅಜ್ಜಿ ಹೇಳಿದ್ಲು. ಅವತ್ತು ಜಾಸ್ತಿ ಮಾತಾಡಿಬಿಟ್ಟೆ," ಎಂದ ಮುನಿಕೃಷ್ಣ. "ನಿಮ್ಮ ಮೇಲೆ ಯಾಕಷ್ಟು ಕೋಪ ಬಂತು ಅಂದ್ರೆ... ಸಂಜೆಗಳು ನನಗೆ ಮಾಹಿತಿ ಆಗಿರ್ಲಿಲ್ಲ ಮೇಡಂ."

"ನನಗೂ."

"ಬೇಕಾದೋರು ಒಬ್ರು ದಾರೀಲಿದಾರೆ ಅಂದ್ರಲ್ಲ... ಯಾರದು?"

"ಎಲ್‌ಕೆಜಿ ಮಕ್ಕಳು."

"ಒಬ್ರು ಅಂದ್ರಿ."

ವನಜಾಳ ಮುಖ ಕೆಂಪಾಯಿತು. ಓಡಿಹೋಗಲು ಗೇಟು ಪಕ್ಕದಲ್ಲೇ ಇತ್ತು. ಅವಳು ಅಲ್ಲಿಂದ ಕದಲಲಿಲ್ಲ.

"ನೀವು. ಗೊತ್ತಿದ್ದೂ ಕೇಳ್ತೀರಲ್ಲ!"

ಅವನು ನಕ್ಕು ಸ್ಟೇರಿಂಗ್ ಹಿಂದೆ ಕೂತ. ಮಧ್ಯಾಹ್ನದ ಟ್ರಿಪ್ ಇನ್ನೂ ಬಾಕಿ ಇತ್ತು.

"ಸಂಜೆ ಬರ್ತೀರಲ್ಲ?"

"ಬರ್ತೀನಿ. ನೀವು ಮನೆ ತಲುಪಿದ ಮೇಲೆ ಫೋನ್ ಮಾಡಿ. ಚಾರ್ಜ್ ಇದೆಯಾ?"

"ಇದೆ. ಅಲ್ಲೀವರೆಗೂ ಏನ್ ಮಾಡ್ತೀರಾ?"

ವನಜಾ ಕಿಟಕಿಯ ಅಂಚಿನ ಮೇಲಿದ್ದ ಅವನ ಕೈಯನ್ನು ಒಂದು ಕ್ಷಣ ಹಿಡಿದು ಬಿಟ್ಟಳು.

"ಅಲ್ಲೀವರೆಗೂ ನಾನು ಯಾರಿಗೂ ಯಾವ ಕಥೆನೂ ಹೇಳಲ್ಲ."

"ಹೂಂ," ಎಂದ ಅವನು, ಮೆಲ್ಲಗೆ.