ಮುಡಿ ಕೊಟ್ಟ ಮೇಲೆ ಬಂದ ಕಪ್ಪು ಕೂದಲು

ಜೂನ್ ಹನ್ನೊಂದು, ಬೆಳಿಗ್ಗೆ. ಗುಂಟೂರಿನ ಠಾಣೆಗೆ ಬಂದ ಹೈಮಾವತಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಗಂಡ ಭುಜಂಗರಾವಿಗೆ ಮೂತ್ರಪಿಂಡದ ಕ್ಯಾನ್ಸರ್. ಗೆಡ್ಡೆಗೆ ರಕ್ತ ಹೋಗುವ ದಾರಿಯನ್ನೇ ಗುರಿಯಿಟ್ಟು ಮುಚ್ಚುವ ಮಾತ್ರೆಯಿಂದ ರೋಗ ಒಂದು ವರ್ಷ ಅಲ್ಲಾಡದೆ ನಿಂತಿತ್ತು. ಈಗ ಶ್ವಾಸಕೋಶಕ್ಕೆ ಹರಡಿದೆ, ರಕ್ತದಲ್ಲಿ ಮದ್ದಿನ ಸುಳಿವೇ ಇಲ್ಲ. ಔಷಧದಂಗಡಿಯ ನಾಗಮಲ್ಲೇಶ್ವರ ನಕಲಿ ಮಾಲು ಕೊಟ್ಟಿದ್ದಾನೆ, ಅವನನ್ನು ಒಳಗೆ ಹಾಕಿ ಎಂಬುದು ಅವಳ ದೂರು.

ಇನ್‌ಸ್ಪೆಕ್ಟರ್ ದಾಮೋದರಂ ಎಫ್‌ಐಆರ್ ದಾಖಲಿಸಿದರು. ಅಂಗಡಿಯಿಂದ ಮೊಹರು ಒಡೆಯದ ಡಬ್ಬಿ, ಮನೆಯಿಂದ ತೆರೆದ ಡಬ್ಬಿ, ಎರಡನ್ನೂ ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡು ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬರುವವರೆಗೆ ಮಾತ್ರೆ ನಿಂತಿತು. ನಾಗಮಲ್ಲೇಶ್ವರನನ್ನು ಬೆಂಚಿನ ಮೇಲೆ ಕೂರಿಸಿ ಸಂಜೆಯವರೆಗೆ ಬೈದದ್ದೂ ಆಯಿತು. ಬೈಯಲು ಪೊಲೀಸರಿಗೆ ಪುರಾವೆ ಬೇಕಾಗುವುದಿಲ್ಲ.

ಪುರಾವೆ ಬಂದದ್ದು ಜೂನ್ ಇಪ್ಪತ್ತನಾಲ್ಕಕ್ಕೆ. ಅಂಗಡಿಯ ಡಬ್ಬಿ ಅಸಲಿ. ಅದೇ ಬ್ಯಾಚಿನ ಮನೆಯ ಡಬ್ಬಿಯಲ್ಲಿದ್ದ ಕ್ಯಾಪ್ಸೂಲುಗಳೊಳಗೆ ಬರೀ ಅರಿಶಿನ. ಅಸಲಿ ಪುಡಿಯೂ ಹಳದಿಯೇ ಆದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ದಾಮೋದರಂ ಕಾನ್‌ಸ್ಟೆಬಲ್‌ಗಳೊಂದಿಗೆ ಮನೆಗೆ ಹೋದಾಗ ಭುಜಂಗರಾವು ಹುಳಿ-ಖಾರದ ಗೋಂಗುರ ಚಟ್ನಿ ಕಲಸಿಕೊಂಡು ಊಟ ಮಾಡುತ್ತಿದ್ದ. ಮೊದಲು ಅವನಿಗೆ ಮಜ್ಜಿಗೆಯೂ ಬಾಯಿ ಉರಿಸುತ್ತಿತ್ತಂತೆ, ಅಂಗಾಲಿನ ಚರ್ಮ ಸುಲಿದು ಗೋಡೆ ಹಿಡಿದು ನಡೆಯುತ್ತಿದ್ದನಂತೆ. ತಾಯಿ ಸೀತಾರಾವಮ್ಮ ಬಾಗಿಲಲ್ಲಿ ನಿಂತಿದ್ದ ಸೊಸೆಯತ್ತ ಕೈ ತೋರಿಸಿ ಮಗನ ತಲೆ ಸವರಿದಳು.

"ಇವಳ ಮಾತ್ರೆ ತಿಂದು ಮುದುಕನ ಹಾಗೆ ಬೆಳ್ಳಗಾಗಿತ್ತು. ತಿರುಮಲದಲ್ಲಿ ಮುಡಿ ಕೊಟ್ಟ ಮೇಲೆ ಹೇಗೆ ಕಪ್ಪಗೆ ಬಂದಿದೆ ನೋಡಿ. ವೆಂಕನ್ನ ಸ್ವಾಮಿಗಿಂತ ದೊಡ್ಡ ಡಾಕ್ಟರು ಇದ್ದಾನಾ?"

ದಾಮೋದರಂ ಅಂಗಳಕ್ಕೆ ಬಂದು ಆಸ್ಪತ್ರೆಗೆ ಫೋನ್ ಮಾಡಿದರು. ಡಾಕ್ಟರು ಸಿಡುಕಿದರು. ಈ ಮದ್ದು ಒಳಗೆ ಹೋದರೆ ಕೂದಲು ಬಿಳಿಯಾಗುತ್ತದೆ, ಬಾಯಿ ಹುಣ್ಣಾಗುತ್ತದೆ, ರಕ್ತದೊತ್ತಡ ಏರುತ್ತದೆ, ಅದನ್ನೆಲ್ಲ ಸಂಭಾಳಿಸಬಹುದು. ಹಿಂದಿನ ತಪಾಸಣೆಗೆ ರೋಗಿ ಬಂದೇ ಇರಲಿಲ್ಲ, ಗುಣವಾಯಿತೆಂದು ತಾಯಿ ತಡೆದಿದ್ದಳು. "ಕೂದಲು ಕಪ್ಪಾದ ಕೂಡಲೇ ಓಡಿ ಬರಬೇಕಿತ್ತು. ಇವರು ಬೀದಿಗೆಲ್ಲ ಲಡ್ಡು ಹಂಚಿದ್ದಾರೆ."

ದಾಮೋದರಂ ಒಳಗೆ ಬಂದು ತಾಯಿಯೆದುರು ನಿಂತರು.

"ತಿರುಮಲಕ್ಕೆ ಮಗನ ಜೊತೆ ಯಾರು ಹೋಗಿದ್ದರಮ್ಮ?"

"ನಾನೇ. ಇವಳಿಗೆ ಆಫೀಸು ದೊಡ್ಡದು."

"ಅಲ್ಲಿ ಮಾತ್ರೆ ಕೊಟ್ಟಿದ್ದು?"

"ನಾನೇ."

"ಮನೆಗೆ ಹೊಸ ಡಬ್ಬಿ ಬಂದರೆ ಬಿಚ್ಚೋದು ಯಾರು?"

ಮುದುಕಿ ಮಗನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಹೈಮಾವತಿಯೇ ಹೇಳಿದಳು. ಆ ಮನೆಗೆ ಬಂದ ಯಾವುದೂ ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚದೆ ಬಳಕೆಗೆ ಬರುವುದಿಲ್ಲ. ಮಾತ್ರೆ ಡಬ್ಬಿಯೂ ಒಂದು ರಾತ್ರಿ ದೇವರ ಕೋಣೆಯಲ್ಲಿರುತ್ತದೆ, ಬೆಳಿಗ್ಗೆ ಅತ್ತೆಯೇ ಬಿಚ್ಚಿ ಕೊಡುತ್ತಾಳೆ. ಹೇಳುತ್ತ ಹೇಳುತ್ತ ಅವಳು ಅತ್ತೆಯತ್ತ ತಿರುಗಿದಳು.

ಸೀತಾರಾವಮ್ಮ ಅಲ್ಲಗಳೆಯಲಿಲ್ಲ. "ತಿರುಪತಿಯಲ್ಲಿ ತಂಗಿ ಮನೇಲಿ ಹದಿನೈದು ದಿನ ಇದ್ವಿ. ಅಲ್ಲಿ ಮಾತ್ರೆ ಕೊಡಲಿಲ್ಲ. ನನ್ನ ಮಗ ಖಾರ ಕೇಳಿ ಉಂಡ. ಊರಿಗೆ ಬಂದ ಮೇಲೆ ಆ ಪುಡಿ ತೆಗೆದು ದೇವರ ಅರಿಶಿನ ತುಂಬಿ ಕೊಟ್ಟೆ. ಇವಳು ವರ್ಷವಿಡೀ ವಿಷ ತಿನ್ನಿಸಿದಳು, ನಾನು ಅನ್ನ ತಿನ್ನಿಸಿದೆ. ಯಾರನ್ನ ಹಿಡೀತೀಯೋ ಹಿಡ್ಕೋ."

"ಆ ವಿಷವೇ ಅವರನ್ನ ಉಳಿಸಿತ್ತು ಅತ್ತೆ," ಎಂದಳು ಹೈಮಾವತಿ. "ನೀವು ಉಣ್ಣಿಸಿ ಉಣ್ಣಿಸಿ ಕೊಂದ್ರಿ."

ಭುಜಂಗರಾವಿನ ಕೈ ತಟ್ಟೆಯಲ್ಲೇ ನಿಂತಿತು. ಅವನು ತಾಯಿಯತ್ತಲೂ ನೋಡಲಿಲ್ಲ, ಹೆಂಡತಿಯತ್ತಲೂ ನೋಡಲಿಲ್ಲ.

ಮಧ್ಯಾಹ್ನ ಎರಡಕ್ಕೆ ಬಂಧನ. ಮಗ ಹೊಟ್ಟೆ ತುಂಬ ಉಣ್ಣುವುದನ್ನು ನೋಡುವ ಆಸೆ ಎಂದು ದಾಮೋದರಂ ಕಾರಣ ಬರೆದರು. ಮೂವತ್ತು ವರ್ಷದ ನೌಕರಿಯಲ್ಲಿ ಅಂಥ ಕಾರಣ ಬರೆದದ್ದು ಅದೇ ಮೊದಲು, ಬರೆಯಲು ಅವರಿಗೆ ಹಿಂಸೆಯಾಯಿತು.

ಮಹಿಳಾ ಕಾನ್‌ಸ್ಟೆಬಲ್ ಜೀಪು ಹತ್ತಿಸುವಾಗ ಸೀತಾರಾವಮ್ಮ ಸೊಸೆಯ ಮುಖ ನೋಡದೆಯೇ ಹೇಳಿದಳು:

"ರಾತ್ರಿಯಿಂದ ಮತ್ತೆ ಆ ಮಾತ್ರೆ ಶುರು ಮಾಡ್ತೀಯಲ್ಲ. ಬಾಯಿ ಹುಣ್ಣಾಗುತ್ತೆ. ಅನ್ನ ಮೆತ್ತಗೆ ಕಿವುಚಿ ಕೊಡು."

ಹೈಮಾವತಿ ಒಳಗೆ ಹೋಗಿ ಗಂಡನ ಮುಂದಿದ್ದ ಗೋಂಗುರ ಜಾಡಿಯನ್ನು ಎತ್ತಿಟ್ಟಳು.