ಅಡುಗೆಮನೆ ಇಲ್ಲದ ಮನೆ

"ಇಷ್ಟೇನಾ ನಿನ್ನ ಸಾಮಾನು?"

ತಿಂಗಳುಗಟ್ಟಲೆ ದೂರವಿದ್ದು ಹೆಂಡತಿಯನ್ನು ಕಂಡ ಗಂಡ ಆಡಿದ ಮೊದಲ ಮಾತು ಇದು! ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಸುತ್ತಲೂ ಜನ ತಬ್ಬಿಕೊಂಡು ಅಳುತ್ತಿದ್ದರು, ನಗುತ್ತಿದ್ದರು. ಅಮೆರಿಕ ಸೇನೆಯ ಸಾರ್ಜೆಂಟ್ ಡ್ವೇನ್ ಪ್ರೂಯಿಟ್ ಮಾತ್ರ ನೋರೀನಳ ಕೈಯಲ್ಲಿದ್ದ ಒಂದೇ ಒಂದು ಸೂಟ್‌ಕೇಸನ್ನು ನೋಡುತ್ತ ನಿಂತಿದ್ದ.

"ಉಳಿದಿದ್ದು ಹಡಗಲ್ಲಿ ಬರುತ್ತಲ್ಲ" ಎಂದಳು ಅವಳು.

ಸುಳ್ಳು. ಈಗಲೇ ಹೇಳಿಬಿಡುತ್ತೇನೆ, ನಿಮ್ಮ ಹತ್ತಿರ ಮುಚ್ಚಿಟ್ಟು ನನಗೇನಾಗಬೇಕು? ಅಲಬಾಮಾದಿಂದ ಹಡಗು ಹತ್ತಿದ ಪೆಟ್ಟಿಗೆಗಳಲ್ಲಿ ಇದ್ದದ್ದೆಲ್ಲ ಅವನದೇ. ಅವಳ ಬಟ್ಟೆ, ಪಾತ್ರೆ, ಹೊಲಿಗೆ ಯಂತ್ರ ಎಲ್ಲವೂ ತಂಗಿಯ ಮನೆಯ ಗ್ಯಾರೇಜಿನಲ್ಲಿ ಕೂತಿದ್ದವು. ನೋರೀನ್ ಜರ್ಮನಿಗೆ ಸಂಸಾರ ಮಾಡಲು ಬಂದವಳಲ್ಲ. ಫೋನಿನಲ್ಲಿ ಹೇಳಬಾರದ ಒಂದು ಮಾತನ್ನು ಮುಖ ನೋಡಿ ಹೇಳಿ ಹೋಗಲು ಬಂದವಳು.

'ಇನ್ನು ನಮ್ಮಿಬ್ಬರದು ಸಾಗೋದಿಲ್ಲ, ಡ್ವೇನ್...' ವಿಮಾನದಲ್ಲಿ ಕೂತು ಅದನ್ನೇ ಬಾಯಿಪಾಠ ಮಾಡಿದ್ದಳು.

ಕಾರಣ ಇತ್ತು. ಅವಳು ತುಂಬಿದ ಬಸುರಿಯಾಗಿದ್ದಾಗ ಅವನಿಗೆ ಈ ವರ್ಗಾವಣೆ ಬಂತು, ಅವನು ಮೊದಲು ಹೊರಟ. ಮಗು ಹುಟ್ಟಿದಾಗ ಉಸಿರಿರಲಿಲ್ಲ. ಹಿಮ ಬಿದ್ದು ವಿಮಾನಗಳು ನಿಂತು, ಅವನು ಊರು ಸೇರುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ರಜೆಯಲ್ಲಿ ಬಂದವನು ಅಳಲಿಲ್ಲ. ಮಗುವಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಏಣಿ ಹಾಕಿಕೊಂಡು ಅತ್ತೆಯ ಮನೆಯ ಸೋರುವ ಚಾವಣಿ ರಿಪೇರಿ ಮಾಡಿದ, ಹೊರಟುಹೋದ. ಹೆತ್ತ ಕರುಳಿಗೆ ಅದು ಹೇಗಾಗಿರಬೇಡ, ನೀವೇ ಹೇಳಿ.

ಮನೆ ಕೈಸರ್ಸ್‌ಲೌಟರ್ನ್ ಪಟ್ಟಣದ ಆಚೆಯ ಒಂದು ಹಳ್ಳಿಯಲ್ಲಿತ್ತು. ಒಳಗೆ ಕಾಲಿಟ್ಟ ನೋರೀನ್ ದಂಗಾದಳು. ಚಾವಣಿಯಿಂದ ದೀಪವಿಲ್ಲದ ವೈರುಗಳು ನೇತಾಡುತ್ತಿದ್ದವು. ಅಡುಗೆಮನೆಯಲ್ಲಿ ಒಲೆಯಿಲ್ಲ, ಸಿಂಕಿಲ್ಲ, ಕಪಾಟಿಲ್ಲ. ಗೋಡೆಯಿಂದ ಹೊರಬಂದ ಒಂದು ಪೈಪು, ಅಷ್ಟೇ.

"ಕಳ್ಳರು ಬಂದಿದ್ರಾ?"

"ಯಾವ ಕಳ್ಳರಮ್ಮ?" ಹಿಂದಿನಿಂದ ದನಿ ಬಂತು. ಮನೆಯ ಓನರ್ ಫ್ರಾವ್ ಲೋರೆಂಟ್ಸ್, ಅಂದರೆ ಶ್ರೀಮತಿ ಲೋರೆಂಟ್ಸ್, ಕೆಳಗಿನ ಅಂತಸ್ತಿನ ಮುದುಕಿ. ಅಮೆರಿಕದವರ ಸೇನಾನೆಲೆಯ ಕ್ಯಾಂಟೀನಿನಲ್ಲಿ ವರ್ಷಾನುಗಟ್ಟಲೆ ದುಡಿದವಳು, ಅವರ ಭಾಷೆ ಆಕೆಗೆ ನೀರು ಕುಡಿದಷ್ಟು ಸಲೀಸು. "ಹಿಂದಿನ ಬಾಡಿಗೆಯವರು ಅವರ ಅಡುಗೆಮನೆ ಅವರು ಬಿಚ್ಕೊಂಡು ಹೋದ್ರು, ಇಲ್ಲಿ ಅದೇ ಪದ್ಧತಿ. ಇನ್ನೊಬ್ಬರ ಎಣ್ಣೆ ಜಿಡ್ಡಲ್ಲಿ ಯಾರಾದ್ರೂ ಅಡುಗೆ ಮಾಡ್ತಾರಾ?"

"ನಮ್ಮೂರಲ್ಲಿ ಮಾಡ್ತಾರೆ."

"ಅದಕ್ಕೇ ನಿಮ್ಮವರೆಲ್ಲ ಹೋಟೆಲಲ್ಲಿ ತಿನ್ನೋದು."

ಮುದುಕಿ ಇಳಿದು ಹೋದ ಮೇಲೆ ನೋರೀನ್ ಗಂಡನ ಕಡೆ ತಿರುಗಿದಳು. "ಬೇಸ್ ಒಳಗೇ ಕ್ವಾರ್ಟರ್ಸ್ ಇದ್ಯಲ್ಲ. ಒಲೆ, ಫ್ರಿಜ್ಜು ಎಲ್ಲಾ ಇಟ್ಟೇ ಕೊಡ್ತಾರೆ. ನಮ್ಮ ಜನ ಇರ್ತಾರೆ. ಈ ಮೂಲೆಗೆ ಯಾಕೆ ಬಂದೆ?"

ಡ್ವೇನ್ ಕಿಟಕಿಯ ಕಡೆ ನೋಡಿದ. "ಅಲ್ಲಿ ಖಾಲಿ ಇರ್ಲಿಲ್ಲ."

ಅವಳ ನಾಲಿಗೆಯ ತುದಿಗೆ ಆ ಮಾತು ಬಂತು. ಆದರೆ ಬಂದ ದಿನವೇ ಹೇಗೆ ಹೇಳುವುದು... ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆ ನಾಡಿದ್ದಾಯಿತು, ವಾರಗಳೂ ಕಳೆದವು. ಶಿಬಿರದಲ್ಲಿ ಬಳಸುವ ಪುಟ್ಟ ಗ್ಯಾಸ್ ಒಲೆಯಲ್ಲಿ ಅನ್ನ ಬೇಯಿಸಿದಳು, ಸ್ನಾನದ ತೊಟ್ಟಿಯಲ್ಲಿ ಪಾತ್ರೆ ತೊಳೆದಳು. ಡ್ವೇನ್ ಡ್ಯೂಟಿ ಮುಗಿಸಿ ಬರುವಾಗ ಎಲ್ಲಿಂದಲೋ ಹಳೆಯ ಕಪಾಟು, ಹಲಗೆ ಹೊತ್ತು ತಂದು ಊಟದ ಹೊತ್ತಿನವರೆಗೆ ಮೊಳೆ ಹೊಡೆಯುತ್ತಿದ್ದ. ಮಾತಿಲ್ಲ ಕತೆಯಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರು ಬಾಡಿಗೆದಾರರಂತೆ ಇದ್ದರು.

ಫ್ರಾವ್ ಲೋರೆಂಟ್ಸ್ ಒಬ್ಬಳೇ ಈ ಮನೆಯಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದವಳು. ನೋರೀನ್ ಛಳಿಯಲ್ಲಿ ನಡುಗುತ್ತ ಕೂತಿದ್ದರೂ ಬಂದು ಕಿಟಕಿಗಳನ್ನು ದಢಾರನೆ ತೆರೆಯುತ್ತಿದ್ದಳು.

"ಗಾಳಿ ಆಡ್ಬೇಕಮ್ಮ. ಗೋಡೆಗೆ ಬೂಷ್ಟು ಹಿಡಿದ್ರೆ ನಿನ್ನ ತಲೆಗೇ ಕಟ್ತೀನಿ. ಭಾನುವಾರ ಸುತ್ತಿಗೆ ಸದ್ದು ಬೇಡ ಅಂತ ನಿನ್ನ ಗಂಡಂಗೆ ಹೇಳು, ಊರವರು ನನ್ನ ಬೈತಾರೆ."

"ನಮ್ಮಿಬ್ಬರ ಮಧ್ಯೆ ಮಾತು ಕಡಿಮೆ, ನೀವೇ ಹೇಳಿ."

ಮುದುಕಿ ಅವಳನ್ನು ದಿಟ್ಟಿಸಿ ನೋಡಿದಳು. "ಅವನು ಸುತ್ತಿಗೆ ಹಿಡಿಯೋದು ನೋಡಿದ್ದೀಯಾ? ಅವನ ಸಿಟ್ಟು ಮೊಳೆ ಮೇಲಲ್ಲ ತಾಯಿ."

ನೋರೀನ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಬೇಸಿನ ಅಂಗಡಿಯಲ್ಲಿ ಮೆಕ್ಕೆಜೋಳದ ಹಿಟ್ಟು ಹುಡುಕುತ್ತಿದ್ದಾಗ ಒಬ್ಬಳು ಹೆಂಗಸು ತಾನಾಗಿ ಬಂದು ಮಾತಾಡಿಸಿದಳು. ರೊವೀನಾ, ಡ್ವೇನ್‌ನ ತುಕಡಿಯವನ ಹೆಂಡತಿ.

"ಅಂತೂ ಬಂದ್ಯಲ್ಲ. ಕ್ವಾರ್ಟರ್ಸಲ್ಲಿ ನಮ್ಮ ಮೇಲಿನ ಮನೆ ನಿಮಗೇ ಅಂತ ಕೊಟ್ಟಿದ್ರು ಗೊತ್ತಾ? ಎಷ್ಟು ಖುಷಿಯಾಗಿತ್ತು ನಂಗೆ. ನಿನ್ನ ಗಂಡ ಕೀಲಿ ಇಸ್ಕೊಂಡು ಹೋದೋನು ಅವತ್ತೇ ವಾಪಸ್ ಕೊಟ್ಬಿಟ್ಟ. ಅಷ್ಟು ಒಳ್ಳೆ ಮನೆ ಯಾರಾದ್ರೂ ಬಿಡ್ತಾರಾ?"

ನೋರೀನ್ ಹಿಟ್ಟು ಕೊಳ್ಳದೆಯೇ ಅಂಗಡಿಯಿಂದ ಹೊರಬಿದ್ದಳು. ಖಾಲಿ ಇತ್ತು... ಅವನಿಗೇ ಕೊಟ್ಟಿದ್ದರು!

'ನನ್ನನ್ನು ಬಚ್ಚಿಡೋಕೆ ಈ ಹಳ್ಳಿ. ಮಗು ಉಳಿಸಿಕೊಳ್ಳದ ಹೆಂಡತಿಯನ್ನ ಜೊತೆಯವರಿಗೆ ತೋರಿಸೋಕೆ ನಾಚಿಕೆ ಅವನಿಗೆ.' ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣೀರು ಒರೆಸಿಕೊಂಡಳು. ಇವತ್ತು ಹೇಳಿಯೇ ತೀರುತ್ತೇನೆ ಎಂದು ಗಟ್ಟಿ ಮಾಡಿಕೊಂಡಳು.

ಮನೆಯ ಮುಂದೆ ಲಾರಿ ಖಾಲಿಯಾಗಿ ಹೊರಡುತ್ತಿತ್ತು. ಹಡಗಿನ ಸಾಮಾನು ಬಂದಿತ್ತು.

ಒಳಗೆ ಡ್ವೇನ್ ತೆರೆದ ಪೆಟ್ಟಿಗೆಗಳ ನಡುವೆ ನಿಂತಿದ್ದ. ನೆಲದ ತುಂಬ ಅವನ ಬೂಟು, ಮೀನು ಹಿಡಿಯುವ ಗಾಳ, ಹಳೆಯ ಜಾಕೆಟ್ಟುಗಳು. ಅವನು ಕಡೆಯ ಪೆಟ್ಟಿಗೆಯ ತಳಕ್ಕೆ ಕೈಹಾಕಿ ತಡಕಿದ, ಮತ್ತೆ ತಡಕಿದ.

"ನಿನ್ನದು ಯಾವುದೂ ಇಲ್ಲ" ಎಂದ ಮೆಲ್ಲಗೆ.

"ನಾನು ಕಳಿಸ್ಲಿಲ್ಲ."

"ಹಾಗಾದ್ರೆ... ಬಂದಿದ್ದು ಇರೋಕಲ್ಲ."

"ಅಲ್ಲ. ನೀನೂ ನನ್ನನ್ನ ಇರಿಸಿಕೊಳ್ಳೋಕೆ ಕರೆಸ್ಲಿಲ್ಲವಲ್ಲ ಡ್ವೇನ್. ಕ್ವಾರ್ಟರ್ಸ್ ಕೊಟ್ಟಿದ್ರು, ನೀನೇ ಬೇಡ ಅಂದೆ. ರೊವೀನಾ ಹೇಳಿದ್ಲು. ನನ್ನ ಮುಖ ತೋರಿಸೋಕೆ ಅಷ್ಟು ನಾಚಿಕೆನಾ ನಿನಗೆ?"

"ನಾಚಿಕೆ?" ಅವನು ತಲೆ ಎತ್ತಿದ. "ಯಾರು ಹೇಳಿದ್ದು?"

"ಮತ್ತೆ ಯಾಕೆ ಸುಳ್ಳು ಹೇಳ್ದೆ?"

ಅವನು ಗೋಡೆಗೆ ಒರಗಿ ಕುಸಿದು ಕೂತ.

"ಕೀಲಿ ತಗೊಂಡು ಹೋದೆ. ಮೆಟ್ಟಿಲ ಕೆಳಗೆ ಮಕ್ಕಳ ತಳ್ಳುಗಾಡಿ ಸಾಲಾಗಿ ನಿಂತಿದ್ವು. ಯಾವುದೋ ಮನೇಲಿ ಮಗು ಅಳ್ತಾ ಇತ್ತು, ಹಸುಗೂಸು... ನಾನು ಮೇಲೆ ಹತ್ತಲೇ ಇಲ್ಲ ನೋರೀನ್. ಹೆಂಡ್ತಿ ತಡ್ಕೊಳ್ಳಲ್ಲ ಅಂತ ಆಫೀಸಲ್ಲಿ ನಿನ್ನ ಹೆಸರು ಹೇಳ್ದೆ. ತಡ್ಕೊಳ್ಳೋಕೆ ಆಗ್ದೇ ಇದ್ದಿದ್ದು ನನಗೆ."

ಈ ಮನುಷ್ಯನ ಎದೆ ಕಲ್ಲು ಎಂದು ಇಷ್ಟು ದಿನ ಅವಳು ನಂಬಿದ್ದಳು. ಈಗ ಅದೇ ಮನುಷ್ಯ ಮುಖ ಮುಚ್ಚಿಕೊಂಡು, ಹೆಗಲು ಕುಲುಕಿ ಅಳುತ್ತಿದ್ದ.

"ಊರಿಗೆ ಬಂದಾಗ ಒಂದು ಮಾತಾದ್ರೂ ಕೇಳಬಾರ್ದಿತ್ತಾ?"

"ಏನಂತ ಕೇಳ್ಲಿ? ಅವಳನ್ನ ಎತ್ಕೊಂಡಿದ್ದು ನೀನು. ನಾನು ನೋಡಿದ್ದು ಬರೀ ಮಣ್ಣು. ನಿನ್ನ ಮುಂದೆ ಅಳೋಕೆ ನನಗೇನು ಹಕ್ಕಿದೆ ಅನ್ನಿಸ್ತು."

"ಅವಳು ಅಂತ ಅನ್ಬೇಡ. ಹೆಸರಿಟ್ಟಿದ್ದೀವಿ."

"ಐಡಾ..." ಎಂದ. ಆ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. "ಐಡಾ ಯಾರ ಥರ ಇದ್ಲು, ನೋರೀನ್?"

ಅಯ್ಯೋ, ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ! ಇನ್ನೂ ವಯಸ್ಸಿದೆ, ಇನ್ನೊಂದಾಗುತ್ತೆ ಎಂದವರೇ ಎಲ್ಲರೂ. ಹೆತ್ತಮ್ಮನೂ ಅದನ್ನೇ ಅಂದಿದ್ದಳು. ನೋರೀನ್ ಬಂದು ಗಂಡನ ಪಕ್ಕ ನೆಲದ ಮೇಲೆ ಕೂತಳು. ಬಾಯಿಪಾಠ ಮಾಡಿದ ಮಾತನ್ನು ಹೇಳಲು ಈಗ ಅವಳಿಗೆ ಮನಸ್ಸೇ ಬರಲಿಲ್ಲ.

"ನಿನ್ನ ಥರಾನೇ. ಹುಬ್ಬು ಗಂಟು ಹಾಕ್ಕೊಂಡಿದ್ಲು, ಯಾರ ಮೇಲೋ ಕೋಪ ಬಂದಿರೋ ಹಾಗೆ."

ಅವನು ಅಳುವಿನ ನಡುವೆಯೇ ನಕ್ಕ. "ಕೂದಲು?"

"ತುಂಬಾ ಇತ್ತು. ನರ್ಸು ಬಾಚಿ ಕೊಟ್ಟಳು."

"ಇನ್ನೂ ಹೇಳು."

"ಒಂದೇ ಸಲಕ್ಕೆ ನನ್ನ ಕೈಲಾಗಲ್ಲ ಡ್ವೇನ್. ಇವತ್ತಿಷ್ಟು, ನಾಳೆ ಇನ್ನಷ್ಟು ಹೇಳ್ತೀನಿ."

ಅವನು ಹೆದರಿ ಹೆದರಿ ಅವಳ ಕೈ ಹಿಡಿದ. "ನಾಳೆ... ಇರ್ತೀಯಾ?"

"ಇರ್ತೀನಿ ಕಣೋ. ಐಡಾನ ಕಣ್ತುಂಬ ನೋಡಿದೋಳು ನಾನು. ನಾನೇ ಹೊರಟುಹೋದ್ರೆ ನಿನ್ನ ಮಗಳ ವಿಷಯ ನಿನಗೆ ಯಾರು ಹೇಳ್ತಾರೆ?"