ಕುರ್ಚಿ ಮೇಲಿನ ಬ್ಯಾಗು

“ನಿಮ್ಮಮ್ಮ ಆ ಹುಡುಗಿ ಮನೇವ್ರ ಜೊತೆ ತಾಂಬೂಲ ಬದಲಾಯಿಸೋವಾಗ ನಿನ್ನ ನಾಲಗೆ ಎಲ್ಲೋಗಿತ್ತು, ಯತಿ?”

“ಮೆತ್ತಗೆ ಮಾತಾಡೇ ಮಾಲಿನಿ, ಒಳಗೆ ಟ್ರೈನಿಗಳವ್ರೆ. ನಾನೇನು ಒಪ್ಕೊಂಡಿಲ್ಲ. ಸುಮ್ಕಿದ್ದೆ, ಅಷ್ಟೇ.”

ಸುಮ್ಮನಿದ್ದನಂತೆ!

೨೦೦೬ರ ಮಾತು. ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯಲ್ಲಿ ನಮ್ಮ ತರಬೇತಿ ಕೇಂದ್ರ. ಬೇರೆ ಬೇರೆ ದೇಶಗಳ ಹೊಸ ರಾಜತಾಂತ್ರಿಕರು ಅಲ್ಲಿಗೆ ಬಂದು, ಹತ್ತಾರು ದೇಶ ಸೇರುವ ಸಮ್ಮೇಳನದಲ್ಲಿ ಹೇಗೆ ಮಾತಾಡಬೇಕು, ಹೇಗೆ ಪಟ್ಟು ಹಿಡಿಯಬೇಕು ಅಂತ ಕಲಿಯುತ್ತಿದ್ದರು. ಕಲಿಸುವವನು ಯತಿರಾಜ್. ಅಣಕು ಸಮ್ಮೇಳನಕ್ಕೆ ಅವನೇ ಅಧ್ಯಕ್ಷ. ಕುರ್ಚಿ ಖಾಲಿ ಉಳಿದರೆ ಆಫೀಸಿನಲ್ಲಿ ಕೆಲಸಕ್ಕಿದ್ದ ನಾನು ಯಾವುದೋ ಪುಟ್ಟ ದ್ವೀಪದ ಪ್ರತಿನಿಧಿ.

ಮಾತಾಡಬೇಕಾದವರು ದೇಶದ ಹೆಸರಿನ ಫಲಕ ನೆಟ್ಟಗೆ ನಿಲ್ಲಿಸಬೇಕು. ನಾನು ಕೈ ಹಾಕುವ ಮೊದಲೇ ಅವನ ಕಣ್ಣು ನನ್ನ ಮೇಲೆ.

“ದ್ವೀಪದವರು ಇವತ್ತು ರೋಜಾ ಮುಡಿದವ್ರೆ, ಮೊದಲು ಅವರೇ ಮಾತಾಡ್ಲಿ” ಅಂತ ಒಮ್ಮೆ ಮೈಕಿನಲ್ಲೇ ಅಂದಿದ್ದ. ಕನ್ನಡ ಬಾರದವರೂ ನನ್ನ ಮುಖ ನೋಡಿ ಚಪ್ಪಾಳೆ ಹೊಡೆದಿದ್ದರು.

“ನಿರ್ಣಯದ ಕರಡು ಕಳಿಸ್ತೀವಿ. ಗಡುವಿನೊಳಗೆ ಯಾರೂ ತಕರಾರು ಎತ್ತದಿದ್ರೆ ಎಲ್ಲರೂ ಒಪ್ಪಿದಂತೆ. ಆಮೇಲೆ ಅತ್ತರೆ ಯಾರೂ ಕೇಳಲ್ಲ.” ಪ್ರತಿ ತಂಡಕ್ಕೂ ಮೇಜು ಕುಟ್ಟಿ ಈ ನಿಯಮ ಹೇಳುತ್ತಿದ್ದವನೂ ಅವನೇ.

“ಈಗಲೇ ನಡಿ ನಿಮ್ಮೂರು ಗುಮ್ಮಳಾಪುರಕ್ಕೆ, ನಾನೂ ಬತ್ತೀನಿ. ನಿಮ್ಮಮ್ಮ ಚೆಲುವಮ್ಮನ ಮುಂದೆ ನಿಂತು, ಈ ಮದುವೆ ಬ್ಯಾಡ ಅನ್ನು” ಅಂದೆ ಅವತ್ತು ನಾನು.

ಉಗುರು ನೋಡಿಕೊಂಡು ನಿಂತ. ಥೂ, ಇಂಥವನಿಗಾಗಿ ನಾನು ದಿನಾ ಹೂ ಮುಡಿದೆನಲ್ಲ!

ಗಂಟೆ ಹೊಡೆಯಿತು. ಒಳಗೆ ಹೋಗಿ ಕೂತೆವು.

“ಈ ಕರಡಿಗೆ ಯಾರದಾದರೂ ತಕರಾರಿದೆಯೇ?” ಅಂತ ಅಧ್ಯಕ್ಷರು ಕೇಳಿದರು.

ನಾನು ಫಲಕ ನಿಲ್ಲಿಸಿದೆ. ಯತಿ ಅದೇ ಹಳೇ ನಗು ನಕ್ಕ. “ದ್ವೀಪದವರು?”

“ತಕರಾರಿದೆ. ಸಭೆ ಬಿಟ್ಟು ಹೋಗ್ತಿದ್ದೀವಿ.”

ಎದ್ದು ನಡೆದೆ. ಅವನು ಟ್ರೈನಿಗಳ ಕಡೆ ತಿರುಗಿ, “ಗಮನಿಸಿ, ಹೀಗೆ ಎದ್ದು ಹೋದವರು ಟೀ ಆದಮೇಲೆ ಬಂದೇ ಬರ್ತಾರೆ. ನೋಡಿ, ಬ್ಯಾಗು ಕುರ್ಚಿ ಮೇಲೇ ಇದೆ” ಅಂದ. ಎಲ್ಲರೂ ನಕ್ಕರು.

ನಾನು ವಾಪಸ್ ಬಂದು ಬ್ಯಾಗು ತಗೊಂಡೆ. ನಗು ನಿಂತಿತು.

ಬಾಗಿಲವರೆಗೂ ಕಿವಿಗೊಟ್ಟೇ ನಡೆದೆ. ಮೈಕು ಅವನ ಬಾಯಿ ಮುಂದೆಯೇ ಇತ್ತು. ಮಾಲಿನಿ ಅಂತ ಒಂದು ಮಾತು ಬರಲಿಲ್ಲ.

ರಾಯಕೋಟೆ ಬಸ್ಸು ಹತ್ತಿದೆ. ಆ ಗೇಟನ್ನು ಮತ್ತೆ ದಾಟಲಿಲ್ಲ.